ಬೆಲ್ ಅಂಡ್ ಸೆಬಾಸ್ಟಿಯನ್: ಸೌಂಡ್ ಬದಲಾಗಿದ್ದು ಇಸೊಬೆಲ್ ಹೋಗಿದ್ದಕ್ಕಾ, ಟ್ರೆವರ್ ಹಾರ್ನ್ ಬಂದಿದ್ದಕ್ಕಾ?

ತಂತಿಬೇಲಿ
ಸ್ಕಾಟ್ಲೆಂಡಿನ ಗ್ಲಾಸ್ಗೋದ ಪಾಪ್ ಬ್ಯಾಂಡು ಬೆಲ್ ಅಂಡ್ ಸೆಬಾಸ್ಟಿಯನ್ ಬಗ್ಗೆ ಎಲ್ಲೇ ಮಾತು ಬಂದ್ರೂ ಇದೇ ಜಗಳ ಶುರುವಾಗುತ್ತೆ. 1996ರ ಎರಡು ಆಲ್ಬಮ್ಮೇ ನಿಜವಾದ ಬ್ಯಾಂಡು, 2002ರಲ್ಲಿ ಇಸೊಬೆಲ್ ಕ್ಯಾಂಪ್‌ಬೆಲ್ ಚೆಲ್ಲೊ (ವಯೊಲಿನ್ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ) ಸಮೇತ ಹೊರಟಮೇಲೆ ಉಳಿದಿದ್ದು ಬೇರೆಯದೇ ಬ್ಯಾಂಡು ಅನ್ನೋದು ಒಂದು ಗುಂಪು. 2003ರ 'ಡಿಯರ್ ಕ್ಯಾಟಾಸ್ಟ್ರಫಿ ವೇಟ್ರೆಸ್'ಗೆ ಟ್ರೆವರ್ ಹಾರ್ನ್‌ನ ಪ್ರೊಡ್ಯೂಸರ್ (ರೆಕಾರ್ಡಿಂಗಿನ ಸೌಂಡ್ ರೂಪಿಸೋರು) ಮಾಡಿದ್ದೇ ಕಾರಣ ಅನ್ನೋದು ಇನ್ನೊಂದು ಗುಂಪು. ಕಿವಿಗೊಟ್ಟು ಕೇಳಿದವರು ಏನಂತೀರಿ?

ಎರಡನೇ ಪ್ರಶ್ನೆ ನುಡಿಸೋರಿಗೆ. ಅಕೂಸ್ಟಿಕ್ ಗಿಟಾರ್, ಚೆಲ್ಲೊ, ವಯೊಲಿನ್, ಟ್ರಂಪೆಟ್, ಕೀಬೋರ್ಡ್, ಬೇಸ್, ಡ್ರಮ್ಸ್, ಅದರ ಮೇಲೆ ಮೆಲುದನಿಯ ಹಾಡುಗಾರ. ಇಷ್ಟೂ ಇದ್ದು ಹಾಡಿನ ಒಂದೊಂದು ಮಾತೂ ಕೇಳೋ ಹಾಗೆ ಅರೇಂಜ್ ಮಾಡೋದು ಹೇಗೆ?

ಹಳೇಕ್ಯಾಸೆಟ್
ಜಗಳಕ್ಕೆ ಮುಂಚೆ ಯಾರು ಯಾವಾಗ ಇದ್ರು ಅನ್ನೋದನ್ನ ನೆಟ್ಟಗೆ ಇಟ್ಕೊಳ್ಳೋಣ.

ಹಾಡು ಬರೆಯೋ ಸ್ಟುವರ್ಟ್ ಮರ್ಡಾಕ್, ಬೇಸ್ ನುಡಿಸ್ತಿದ್ದ ಸ್ಟುವರ್ಟ್ ಡೇವಿಡ್ ಇಬ್ಬರ ಪರಿಚಯ ಆಗಿದ್ದು ಕೆಲಸ ಇಲ್ಲದ ಸಂಗೀತಗಾರರಿಗೆ ಸರ್ಕಾರ ನಡೆಸ್ತಿದ್ದ ಬೀಟ್‌ಬಾಕ್ಸ್ ಅನ್ನೋ ತರಬೇತಿಯಲ್ಲಿ. ಅಲ್ಲಿನ ಸ್ಟೋ ಕಾಲೇಜಿನ ಮ್ಯೂಸಿಕ್ ಬಿಸಿನೆಸ್ ಕೋರ್ಸ್‌ನವರದ್ದೇ ಒಂದು ಲೇಬಲ್ ಇತ್ತು, ಎಲೆಕ್ಟ್ರಿಕ್ ಹನಿ. ಸಾಮಾನ್ಯವಾಗಿ ವರ್ಷಕ್ಕೊಂದು ಸಿಂಗಲ್ (ಒಂದೆರಡು ಹಾಡಿನ ರೆಕಾರ್ಡ್) ತರೋರು. ಮರ್ಡಾಕ್ ಹತ್ರ ಹಾಡು ರಾಶಿ ಇದ್ವು, ಹಾಗಾಗಿ ಈ ಸಲ ಪೂರ್ತಿ ಆಲ್ಬಮ್ಮೇ ಆಯ್ತು: 'ಟೈಗರ್‌ಮಿಲ್ಕ್', 1996ರ ಜೂನ್. 3 ದಿನದ ರೆಕಾರ್ಡಿಂಗ್, ಅಚ್ಚು ಹಾಕಿಸಿದ್ದು 1000 ಎಲ್‌ಪಿ. ಅದೇ ನವೆಂಬರ್‌ನಲ್ಲಿ ಜೀಪ್‌ಸ್ಟರ್ ಲೇಬಲ್‌ನಿಂದ 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್'. ಅಂದ್ರೆ 5 ತಿಂಗಳ ಅಂತರದಲ್ಲಿ ಎರಡು.

ಮೊದಲಿನಿಂದ ಇದ್ದವರು: ಇಬ್ಬರು ಸ್ಟುವರ್ಟ್‌ಗಳು, ಗಿಟಾರ್ ಸ್ಟೀವಿ ಜಾಕ್ಸನ್, ಕೀಬೋರ್ಡ್ ಕ್ರಿಸ್ ಗೆಡ್ಡಿಸ್, ಡ್ರಮ್ಸ್ ರಿಚರ್ಡ್ ಕೋಲ್ಬರ್ನ್, ಚೆಲ್ಲೊ ಇಸೊಬೆಲ್, ವಯೊಲಿನ್ ಸಾರಾ ಮಾರ್ಟಿನ್, ಟ್ರಂಪೆಟ್ ಮಿಕ್ ಕುಕ್. ಸ್ಟುವರ್ಟ್ ಡೇವಿಡ್ 2000ದಲ್ಲಿ ತನ್ನ ಲೂಪರ್ ಬ್ಯಾಂಡಿಗೆ ಹೋದ. ಇಸೊಬೆಲ್ 2002ರಲ್ಲಿ ಟೂರ್ ನಡೀತಿದ್ದಾಗಲೇ ಬಿಟ್ರು. ಬೇಸ್‌ಗೆ ಬಾಬಿ ಕಿಲ್ಡೇ ಬಂದ. ಮಿಕ್ ಕುಕ್ 2013ರಲ್ಲಿ ಹೊರಗೆ.

ಪಾರಿಜಾತ
@ಹಳೇಕ್ಯಾಸೆಟ್ ಒಂದು ತಿದ್ದುಪಡಿ ಸಾರ್. ಸಾರಾ ಮಾರ್ಟಿನ್ 'ಟೈಗರ್‌ಮಿಲ್ಕ್'ನಲ್ಲಿ ಇಲ್ಲ, ಸಿನಿಸ್ಟರ್ ಹೊತ್ತಿಗೆ ಸೇರಿದವರು. ಮಿಕ್ ಕುಕ್ ಮೊದಲ ಆಲ್ಬಮ್‌ನಲ್ಲಿ ನುಡಿಸಿದ್ದಾರೆ, ಆದ್ರೆ ಅತಿಥಿಯಾಗಿ. ಪೂರ್ತಿ ಸದಸ್ಯ ಆಗಿದ್ದು 1998ರ ಹೊತ್ತಿಗೆ. ಇದು ಸಣ್ಣ ವಿಷಯ ಅಲ್ಲ. ಎರಡೂ ರೆಕಾರ್ಡನ್ನ ಒಂದಾದ ಮೇಲೊಂದು ಹಾಕಿ ಕೇಳಿ. ಎರಡನೆಯದ್ರಲ್ಲಿ ಚೆಲ್ಲೊ ಕೆಳಗೆ, ವಯೊಲಿನ್ ಮೇಲೆ, ನಡುವೆ ಮಾತು. ಮೊದಲನೆಯದ್ರಲ್ಲಿ ಆ ಚೌಕಟ್ಟೇ ಇಲ್ಲ, ಗಿಟಾರ್ ಬ್ಯಾಂಡಿನ ಮೈಕಟ್ಟು ಜಾಸ್ತಿ.

ಹಳೇಕ್ಯಾಸೆಟ್
ಒಪ್ಪಿದೆ ಮೇಡಂ, ಸಾರಾ ವಿಷಯದಲ್ಲಿ ನನ್ನದೇ ತಪ್ಪು.

ಮಂದ್ರಸ್ಥಾಯಿ
ಪ್ರೊಡ್ಯೂಸರ್, ಸದಸ್ಯರು ಅಂತ ಹೆಸರು ಹಿಡ್ಕೊಂಡು ಗುದ್ದಾಡೋ ಬದಲು ಯಾವ ಸ್ಥಾಯಿಯಲ್ಲಿ ಯಾರು ಕೂತಿದ್ರು ಅಂತ ನೋಡಿ. ಚೆಲ್ಲೊದ ಕೆಳಗಿನ ತಂತಿ 65 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 65 ಕಂಪನ. ಗಿಟಾರಿನ ದಪ್ಪ ತಂತಿ 82. ಬೇಸ್ 41ರಿಂದ ಶುರು. ಮೂರೂ 80ರಿಂದ 250ರ ಒಳಗೆ ಒಂದರ ಕಾಲು ಇನ್ನೊಂದು ತುಳೀತಾವೆ. ಚೆಲ್ಲೊ ಇದ್ದಾಗ ಬೇಸ್ ಸುಮ್ಮನೆ ಮೂಲ ಸ್ವರ ಹಿಡಿದು ಹಿಂದೆ ನಿಲ್ಲಬೇಕು. ಚೆಲ್ಲೊ ಎದ್ದು ಹೋದ ಕೂಡಲೇ ಆ ಜಾಗ ಖಾಲಿ, ಬೇಸ್ ಓಡಾಡೋಕೆ ಶುರು ಮಾಡುತ್ತೆ, ಡ್ರಮ್ಸ್ ಅದರ ಜೊತೆ ಬಿಗಿಯಾಗುತ್ತೆ, ಹಾಡು ಕಾಲು ಕುಣಿಸುತ್ತೆ. 2006ರ 'ದ ಲೈಫ್ ಪರ್ಸ್ಯೂಟ್' ಪೂರ್ತಿ ಇದೇ ಲೆಕ್ಕ. ಅದರ ಪ್ರೊಡ್ಯೂಸರ್ ಹಾರ್ನ್ ಅಲ್ಲ, ಟೋನಿ ಹಾಫರ್, ರೆಕಾರ್ಡ್ ಆಗಿದ್ದು ಲಾಸ್ ಏಂಜಲೀಸ್‌ನಲ್ಲಿ. ಪ್ರೊಡ್ಯೂಸರ್ ಬದಲಾದ್ರೂ ದಾರಿ ಬದಲಾಗಲಿಲ್ಲ. ಹಾಗಾಗಿ ನನ್ನ ಮತ ಇಸೊಬೆಲ್ ಕಡೆಗೆ.

ಕಾಫಿತೋಟ
ಇಸೊಬೆಲ್ ಪಾರ್ಟಿಗೆ ನನ್ನದೂ ಒಂದು ವೋಟು.

ಕೆಂಪಮಣ್ಣು
ಹಂಗಲ್ರೀ. ಬದಲಾವಣೆ ಶುರು ಆಗಿದ್ದು ಯಾರೋ ಹೋದ ಮ್ಯಾಲೆ ಅಲ್ಲ, ಎಲ್ಲಾರೂ ಇದ್ದಾಗನ. 1998ರ 'ದ ಬಾಯ್ ವಿತ್ ದ ಅರಬ್ ಸ್ಟ್ರಾಪ್' ತಗೋರಿ. ಅಲ್ಲಿತನಕ ಹಾಡು ಅಂದ್ರ ಮರ್ಡಾಕ್ ಒಬ್ಬನ ಡೈರಿ ಇದ್ದಂಗ ಇತ್ತು. ಈ ಆಲ್ಬಮ್ಮಿನ್ಯಾಗ ಸ್ಟೀವಿ ಜಾಕ್ಸನ್‌ಂದು ಎರಡು ಹಾಡು, ಇಸೊಬೆಲ್‌ಂದು ಒಂದು, ಸ್ಟುವರ್ಟ್ ಡೇವಿಡ್ ಬರೇ ಮಾತಾಡೂ ತುಣುಕು ಒಂದು. ಹಾಡು ಬರಿಯೋರು ನಾಕು ಮಂದಿ ಆದ್ರ ಸೌಂಡು ನಾಕು ದಿಕ್ಕಿಗೆ ಎಳೀತದ. 2000ದ 'ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್' ಕೇಳಿದ್ರ ಆ ಎಳೆದಾಟ ಎಷ್ಟು ಅನ್ನೂದು ಗೊತ್ತಾಗ್ತದ. ಛಲೋ ಹಾಡು ಅದಾವ, ಆದ್ರ ಒಂದಕ್ಕೊಂದು ಕೂಡೂದಿಲ್ಲ. ಹಾರ್ನ್ ಬಂದು ಮಾಡಿದ್ದು ಒಂದ ಕೆಲಸ: ಚೆದುರಿದ್ದನ್ನ ಮತ್ತ ಒಂದು ಕಡೆ ಕಟ್ಟಿದಾ.

ಪಾರಿಜಾತ
@ಕೆಂಪಮಣ್ಣು ಇದು ಒಳ್ಳೇ ಮಾತು. ಇನ್ನೊಂದು ಸೇರಿಸ್ತೀನಿ. ಹಾರ್ನ್ ಅಂದ್ರೆ ಬಗಲ್ಸ್, ಫ್ರ್ಯಾಂಕಿ ಗೋಸ್ ಟು ಹಾಲಿವುಡ್, ಆಮೇಲೆ ರಷ್ಯಾದ ಟಾಟೂ ಥರದ ಪಾಪ್ ತಂಡಗಳ ಹಿಂದಿದ್ದವನು. ದೊಡ್ಡ ಪಾಪ್ ಕಟ್ಟಡ ಕಟ್ಟೋ ಮನುಷ್ಯ. ಅವನು ಬರೋದಕ್ಕೆ ಮುಂಚೆ ಮರ್ಡಾಕ್ ದನಿ ವಾದ್ಯಗಳ ಹಿಂದೆ ಅರ್ಧ ಅಡಗಿರ್ತಿತ್ತು. 2003ರಲ್ಲಿ ಅದು ಮೈಕಿಗೆ ಅಂಟಿಕೊಂಡಂತೆ ಮುಂದೆ ಬಂತು, ಪ್ರತಿಧ್ವನಿ ಕಡಿಮೆ ಆಯ್ತು. ವಾದ್ಯಗಳು ಹಾಡಿನ ಸಾಲು ಮುಗಿಯೋವರೆಗೆ ಕಾದು ಆಮೇಲೆ ಮಾತಾಡ್ತವೆ. ನಮ್ಮ ಸುಗಮ ಸಂಗೀತದ ಕಚೇರಿಯಲ್ಲಿ ಸಾಲು ಮುಗಿದ ತಕ್ಷಣ ಕೊಳಲಿನವರು ಒಂದು ಬಿಟ್ ಹಾಕಿ ಸುಮ್ಮನಾಗ್ತಾರಲ್ಲ, ಅದೇ ಶಿಸ್ತು. ತಂತಿಬೇಲಿಯವರ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ: ಹಾಡುವಾಗ ಒಂದು ವಾದ್ಯಕ್ಕಿಂತ ಹೆಚ್ಚು ರಾಗ ನುಡಿಸಬಾರದು.

ಕಪಿಲಾತೀರ
ಉಳಿದರ್ಧ ನಾನು ಹೇಳ್ತೀನಿ. ಇಂಥ ಬ್ಯಾಂಡಿನಲ್ಲಿ ಮೊದಲ ತಪ್ಪು ಹಾಡಿನ ಶ್ರುತಿ ಆರಿಸೋದ್ರಲ್ಲೇ ಆಗುತ್ತೆ. ಗಿಟಾರಿನವರು ಕೈಗೆ ಸುಲಭ ಅಂತ ಇ ಅಥವಾ ಎ (ಪಾಶ್ಚಾತ್ಯ ಪದ್ಧತಿಯ ಶ್ರುತಿ ಹೆಸರುಗಳು) ಹಿಡೀತಾರೆ. ಟ್ರಂಪೆಟ್ ಬಿ-ಫ್ಲಾಟ್ ವಾದ್ಯ, ಅದರ ನೋಟೇಶನ್ ಯಾವಾಗಲೂ ಒಂದು ಪೂರ್ತಿ ಸ್ವರ ಮೇಲೆ. ಗಿಟಾರ್ ಎ ಅಂದ್ರೆ ಟ್ರಂಪೆಟ್ಟಿಗೆ ಬಿ, 5 ಶಾರ್ಪು (ಅರ್ಧ ಸ್ವರ ಏರಿಸಿದ ಸ್ವರ). ಗಿಟಾರ್ ಇ ಅಂದ್ರೆ ಅವರಿಗೆ ಎಫ್-ಶಾರ್ಪ್, 6 ಶಾರ್ಪು. ಹೊಸಬರು ಅಲ್ಲೇ ಅಪಸ್ವರ ಊದ್ತಾರೆ, ತಪ್ಪು ಅವರದ್ದಲ್ಲ.

ಪರಿಹಾರ ಕೇಪೋ, ಗಿಟಾರಿನ ಎಲ್ಲಾ ತಂತಿಗಳನ್ನ ಒಟ್ಟಿಗೆ ಅದುಮಿ ಶ್ರುತಿ ಏರಿಸೋ ಕ್ಲಿಪ್ಪು. ಗಿಟಾರ್ 3ನೇ ಮನೆಗೆ (ಫ್ರೆಟ್) ಕೇಪೋ ಹಾಕಿ ಜಿ ಕಾರ್ಡು (ಒಟ್ಟಿಗೆ ನುಡಿಸೋ ಸ್ವರಗುಂಪು) ಹಿಡಿದ್ರೆ ಸಿ ಬರುತ್ತೆ, ಟ್ರಂಪೆಟ್ಟಿಗೆ ಡಿ, ಸುಲಭ.

ಕೇಪೋದಿಂದ ಇನ್ನೊಂದು ಲಾಭ: ಗಿಟಾರಿನ ಅತಿ ಕೆಳಗಿನ ಸ್ವರ 82 ಹರ್ಟ್ಸ್‌ನಿಂದ 98ಕ್ಕೆ ಏರುತ್ತೆ. ಮಂದ್ರಸ್ಥಾಯಿಯವರು ಹೇಳಿದ ಕೆಸರು ಅಷ್ಟರಮಟ್ಟಿಗೆ ತಿಳಿಯಾಗುತ್ತೆ.

ಆರುತಂತಿ
@ಕಪಿಲಾತೀರ ಗುರುವೇ, ಜಿ ಇಂದ 3 ಮನೆ ಮೇಲೆ ಹೋದ್ರೆ ಬಿ-ಫ್ಲಾಟ್. ಸಿ ಬರಬೇಕಾದ್ರೆ 5ನೇ ಮನೆ. ಆದ್ರೆ ಬಿ-ಫ್ಲಾಟೇ ಒಳ್ಳೇದು, ಟ್ರಂಪೆಟ್ಟಿಗೆ ಅದು ನೇರ ಸಿ, ಶಾರ್ಪು ಫ್ಲಾಟು ಒಂದೂ ಇಲ್ಲ.

ಕಪಿಲಾತೀರ
ಹೌದು, ಬಿ-ಫ್ಲಾಟ್. ಬರೆಯೋ ಅವಸರದಲ್ಲಿ ತಪ್ಪಿದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಪಾರಿಜಾತ
ತಂತಿವಾದ್ಯದವರನ್ನೂ ನೋಡ್ಕೊಳ್ಳಿ. ಚೆಲ್ಲೊದ ಬಿಡಿ (ಬೆರಳಿಡದ) ತಂತಿಗಳು ಸಿ, ಜಿ, ಡಿ, ಎ. ವಯೊಲಿನ್ನಿನವು ಜಿ, ಡಿ, ಎ, ಇ. ಬಿ-ಫ್ಲಾಟ್‌ನಲ್ಲಿ ಚೆಲ್ಲೊದ ನಾಲ್ಕೂ ತಂತಿ ಸ್ಕೇಲಿನ ಒಳಗೆ ಇರ್ತವೆ, ವಯೊಲಿನ್ನಿನ ಇ ಮಾತ್ರ ಹೊರಗೆ. ಎಫ್ ಆರಿಸಿದ್ರೆ ಎರಡರ ಎಲ್ಲಾ ತಂತಿಗಳೂ ಒಳಗೆ. ಬಿಡಿ ತಂತಿ ಮುಟ್ಟದೇ ಇದ್ರೂ ತಾನೇ ಕಂಪಿಸಿ ವಾದ್ಯದ ಮೈ ತುಂಬಿಸುತ್ತೆ. ಎಫ್‌ನಲ್ಲಿ ಟ್ರಂಪೆಟ್ಟಿಗೆ ಜಿ, ಒಂದೇ ಶಾರ್ಪು. ಗಿಟಾರಿನವರು 1ನೇ ಮನೆಗೆ ಕೇಪೋ ಹಾಕಿ ಇ ಹಿಡೀಬಹುದು, 3ನೇ ಮನೆಗೆ ಹಾಕಿ ಡಿ ಹಿಡೀಬಹುದು, 5ಕ್ಕೆ ಹಾಕಿ ಸಿ ಹಿಡೀಬಹುದು. ಈ ಮೂರರಲ್ಲಿ 3ನೇ ಮನೆಯ ಡಿ ನನಗೆ ಇಷ್ಟ. ತೆಳ್ಳಗೆ ಮಿನುಗುತ್ತೆ, ಚೆಲ್ಲೊಗೆ ಅಡ್ಡ ಬರಲ್ಲ. ಹಾಡುಗಾರರ ಗಂಟಲಿಗೆ ಎಫ್ ಒಗ್ಗದಿದ್ರೆ ಬಿ-ಫ್ಲಾಟ್.

ಹಾರ್ಮೋನಿಯಂಪೆಟ್ಟಿಗೆ
ಹಾರ್ಮೋನಿಯಂ ಕೀಲಿ ಲೆಕ್ಕದಲ್ಲಿ ಹೇಳೋದಾದ್ರೆ ಎಫ್ ಅಂದ್ರೆ ಬಿಳಿ 4, ಬಿ-ಫ್ಲಾಟ್ ಅಂದ್ರೆ ಕರಿ 5. ಕರ್ನಾಟಕ ಪದ್ಧತಿಯ ವಯೊಲಿನ್ನಿನವರನ್ನ ಜೊತೆಗೆ ಕೂರಿಸ್ಕೊಳ್ಳೋರು ಇದನ್ನ ನೆನಪಿಡಿ. ಅವರು ಸ-ಪ-ಸ-ಪ ಕಟ್ಟಿರ್ತಾರೆ. ಹಾಡಿಗೊಂದು ಶ್ರುತಿ ಅಂದ್ರೆ ಪ್ರತಿ ಸಲ ನಾಲ್ಕು ತಂತಿ ಕಟ್ಟಬೇಕು, ಕಟ್ಟಿದ ಹೊಸದ್ರಲ್ಲಿ ಅದು ನಿಲ್ಲಲ್ಲ, ಜಾರುತ್ತೆ. ಹಾಗಾಗಿ ಬಿಳಿ 4ರ ಹಾಡುಗಳೆಲ್ಲ ಒಟ್ಟಿಗೆ, ಆಮೇಲೆ ಒಂದು ಸಲ ಶ್ರುತಿ ಬದಲಿಸಿ ಕರಿ 5ರವು ಒಟ್ಟಿಗೆ. ಪಟ್ಟಿ ಹಾಗೆ ಮಾಡ್ಕೊಂಡ್ರೆ ವೇದಿಕೆ ಮೇಲೆ ಜನ ಕಾಯೋದು ತಪ್ಪುತ್ತೆ.

ಕಾಫಿತೋಟ
ಯಾರ ಹತ್ರಾನಾದ್ರೂ ಟೈಗರ್‌ಮಿಲ್ಕ್‌ನ ಆ 1000ದಲ್ಲಿ ಒಂದು ಪ್ರತಿ ಇದ್ಯಾ?

ಹಳೇಕ್ಯಾಸೆಟ್
ಇದ್ದವರು ಮಾರಲ್ಲ ಮಾರಾಯ್ರೆ. 1999ರಲ್ಲಿ ಜೀಪ್‌ಸ್ಟರ್ ಮರುಬಿಡುಗಡೆ ಮಾಡಿದ್ದು ಸುಲಭವಾಗಿ ಸಿಗುತ್ತೆ, ಅದೇ ತಗೊಳ್ಳಿ. ಎಲೆಕ್ಟ್ರಿಕ್ ಹನಿ ಹೆಸರಲ್ಲಿ ಯಾರಾದ್ರೂ ಕಡಿಮೆ ಬೆಲೆಗೆ ಕೊಡ್ತೀನಿ ಅಂದ್ರೆ ಕವರ್ ಅಷ್ಟೇ ನೋಡಿ ದುಡ್ಡು ಕೊಡಬೇಡಿ. ಎಲ್‌ಪಿಯ ಒಳಸುತ್ತಿನಲ್ಲಿ, ಲೇಬಲ್ ಅಂಚಿಗೆ ಕೆತ್ತಿರೋ ಅಕ್ಷರ ಸಂಖ್ಯೆಗಳ ಫೋಟೊ ಕೇಳಿ ತಾಳೆ ನೋಡಿ.

ಟೇಪುರೀಲು
ಸಿನಿಸ್ಟರ್ ಬಗ್ಗೆ ಯಾರೂ ಹೇಳದ ಒಂದು ವಿಷಯ. ಆ ರೆಕಾರ್ಡಿಂಗ್ ಬಗ್ಗೆ ಬ್ಯಾಂಡಿನವರಿಗೇ ಸಮಾಧಾನ ಇರಲಿಲ್ಲ. ಹಾಡು ಒಳ್ಳೇವು, ಸೌಂಡ್ ತೆಳು ಅನ್ನೋದು ಅವರ ಕೊರಗು. ಅದಕ್ಕೇ 2005ರಲ್ಲಿ ಲಂಡನ್ನಿನ ಸಭಾಂಗಣ ಬಾರ್ಬಿಕನ್‌ನಲ್ಲಿ ಇಡೀ ಆಲ್ಬಮ್ಮನ್ನ ಅದೇ ಕ್ರಮದಲ್ಲಿ ವೇದಿಕೆ ಮೇಲೆ ನುಡಿಸಿ, ಅದನ್ನ ಬಿಡುಗಡೆನೂ ಮಾಡಿದ್ರು. ತಂತಿಬೇಲಿಯವರ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಬೇಕಾ? ಹಾಡುಗಳು 1996ರವು, ನುಡಿಸಿದವರು 2005ರ ತಂಡ, ಸ್ಟುಡಿಯೊ ಪ್ರೊಡ್ಯೂಸರ್‌ನ ಕೈವಾಡ ಇಲ್ಲ. ಎರಡನ್ನೂ ಹಾಡಿಗೆ ಹಾಡು ಹೋಲಿಸಿ ಕೇಳಿ. ಬೇಸ್ ಮತ್ತು ಡ್ರಮ್ಸ್ ಗಟ್ಟಿ, ಮರ್ಡಾಕ್ ದನಿ ಧೈರ್ಯವಾಗಿದೆ, ಆದ್ರೆ ಆ ಮಬ್ಬು ಇಲ್ಲ.

ಪಾರಿಜಾತ
ಆ ಮಬ್ಬೇ ಅಲ್ವಾ ಸಾರ್ ಪ್ರಾಣ? 2005ರದ್ದು ಸರಿಯಾಗಿದೆ, 1996ರದ್ದು ಹತ್ತಿರ ಇದೆ. ಕೋಣೆಯ ಆಚೆ ಬದಿಯಲ್ಲಿ ಯಾರೋ ತಮಗೆ ತಾವೇ ಹಾಡಿಕೊಳ್ತಿರೋ ಹಾಗೆ.

ಟೇಪುರೀಲು
ಹತ್ತಿರ ಇರೋದು ಹಾಡು ಬರೆದಿರೋ ರೀತಿಯಿಂದ, ಮಬ್ಬಿನಿಂದ ಅಲ್ಲ. ಮಬ್ಬಿಗೆ ಕಾರಣ ಇದೆ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸೋ ರೆಕಾರ್ಡಿಂಗ್‌ನಲ್ಲಿ ಮೆಲ್ಲಗೆ ಹಾಡೋರಿಗೆ ಮೈಕ್ ಗೇನ್ (ಮೈಕ್ ಸದ್ದು ಹಿಗ್ಗಿಸೋ ಮಟ್ಟ) ಏರಿಸಬೇಕು. ಏರಿಸಿದ್ರೆ ಆ ಮೈಕಿಗೆ ಡ್ರಮ್ಸ್ ನುಗ್ಗುತ್ತೆ. ಆಮೇಲೆ ಮಿಕ್ಸ್‌ನಲ್ಲಿ ದನಿ ಏರಿಸಿದಷ್ಟೂ ಸಿಂಬಲ್ (ಡ್ರಮ್ಸಿನ ಲೋಹದ ತಟ್ಟೆ) ಸದ್ದೂ ಏರುತ್ತೆ, ಇಳಿಸಿದ್ರೆ ಮಾತು ಕೇಳಲ್ಲ.

ಇದನ್ನ ತಪ್ಪಿಸೋಕೆ: ಡ್ರಮ್ಸ್‌ಗೆ ಕೋಲಿನ ಬದಲು ಬ್ರಶ್. ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಮೇಲೆ ಒಂದು ತೆಳು ಟೀ ಟವೆಲ್ ಹರಡಿ, ಅರ್ಧ ಭಾಗಕ್ಕಷ್ಟೇ, ಪೂರ್ತಿ ಮುಚ್ಚಿದ್ರೆ ರಟ್ಟಿನ ಡಬ್ಬ ಬಡಿದಂತೆ ಆಗುತ್ತೆ. ಹಾಡುಗಾರರ ಮೈಕಿನ ಬೆನ್ನು ಡ್ರಮ್ಸ್ ಕಡೆಗಿರಲಿ. ಬಾಯಿಂದ ಮೈಕ್ 10 ಸೆಂಟಿಮೀಟರ್ ಇದ್ರೆ ಪಕ್ಕದ ವಾದ್ಯದ ಮೈಕ್ ಕಡೇಪಕ್ಷ 30 ದೂರ ಇರಬೇಕು, ಒಂದಕ್ಕೆ ಮೂರು. ಬೇರೆ ಕೋಣೆ ಸಿಕ್ಕಿದ್ರೆ ಟ್ರಂಪೆಟ್‌ನ ಅಲ್ಲಿಗೆ ಕಳಿಸಿ, ಇಲ್ಲವೇ ಕೊನೇಲಿ ಒಬ್ಬರನ್ನೇ ರೆಕಾರ್ಡ್ ಮಾಡಿ.

ದನಿ ತೀರಾ ತೆಳು ಅನಿಸಿದ್ರೆ ಅದೇ ಸಾಲನ್ನ ಇನ್ನೊಮ್ಮೆ ಹಾಡಿಸಿ ಕೆಳಗೆ ಇಡಿ. ಎರಡೂ ಸಮ ಇಟ್ರೆ ಸ, ತ, ಚ ಬರೋ ಕಡೆಯೆಲ್ಲ ಎರಡೆರಡು ಸಲ ಕೇಳುತ್ತೆ. ಎರಡನೇ ಸಲ ಹಾಡುವಾಗ ಆ ವ್ಯಂಜನಗಳನ್ನ ಬೇಕಂತಲೇ ಮೆತ್ತಗೆ ಉಚ್ಚರಿಸಿ, ಸ್ವರ ಮಾತ್ರ ತುಂಬಿ.

ಮಂದ್ರಸ್ಥಾಯಿ
@ಟೇಪುರೀಲು ಬಾರ್ಬಿಕನ್ ವಿಷಯ ಮರೆತೇ ಬಿಟ್ಟಿದ್ದೆ. ಬೇಸ್ ಗಟ್ಟಿ ಅಂತ ನೀವೇ ಹೇಳಿದ್ರಿ, ನನ್ನ ವಾದ ಗಟ್ಟಿ ಆಯ್ತು.

ಕೆಂಪಮಣ್ಣು
ಗಟ್ಟಿ ಏನೂ ಆಗಿಲ್ರೀ. 9 ವರ್ಷ ಒಂದ ಹಾಡು ನುಡಿಸಿದ ಮ್ಯಾಲೆ ಯಾರ ಕೈಯಾಗಾದ್ರೂ ಗಟ್ಟಿ ಆಗ್ತದ. 1996ರಾಗ ಆ ತಂಡ ಹುಟ್ಟಿ ಒಂದು ವರ್ಷ ಸೈತ ಆಗಿದ್ದಿಲ್ಲ. ಮರ್ಡಾಕ್ ಅಂತೂ ಅದಕ್ಕೂ ಮೊದಲ ದೀರ್ಘಕಾಲದ ಆಯಾಸದ ಕಾಯಿಲಿಯಿಂದ ವರ್ಷಗಟ್ಟಲೆ ಮಲಗಿ ಎದ್ದಾಂವ. ಆ ಮೆಲ್ಲನ ದನಿ ಒಂದು ಶೈಲಿ ಅಂತ ಹೇಳೂದು ಸುಲಭ. ಮೈಯಾಗ ಎಷ್ಟು ತ್ರಾಣ ಇತ್ತೋ ಅಷ್ಟು ಹಾಡಿದಾ ಅಂತ ನನಗ ಅನಸ್ತದ. ಮುಂದ ತ್ರಾಣ ಬಂತು, ದನಿ ಮುಂದ ಬಂತು.

ಪಾರಿಜಾತ
ಇದನ್ನ ಓದಿ ಮತ್ತೊಮ್ಮೆ ಕೇಳಬೇಕು ಅನಿಸ್ತಿದೆ. ಆಗ ಮರ್ಡಾಕ್ ಗ್ಲಾಸ್ಗೋದ ಒಂದು ಚರ್ಚ್ ಹಾಲ್ ನೋಡಿಕೊಳ್ತಾ ಅದರ ಮೇಲಿನ ಮನೆಯಲ್ಲೇ ಇದ್ದವರು. ಬ್ಯಾಂಡಿನ ಅಭ್ಯಾಸವೂ ಆ ಹಾಲ್‌ನಲ್ಲಿ. ಎತ್ತರದ ಚಾವಣಿ ಇರೋ ಹಾಲ್‌ನಲ್ಲಿ ಜೋರಾಗಿ ಬಾರಿಸಿದ್ರೆ ಗುಂಯ್‌ಗುಟ್ಟಿ ಏನೂ ಕೇಳಲ್ಲ. ತಂಡವೇ ಮೆಲ್ಲಗೆ ನುಡಿಸೋಕೆ ಕಲಿತಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಡಿಸ್ಕೊದೀಪ
ಎಲ್ಲರೂ 2003ಕ್ಕೇ ನಿಂತುಬಿಟ್ರಿ. 2015ರ 'ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡಾನ್ಸ್' ಯಾರಿಗೂ ಬೇಡವಾ? ಬೆನ್ ಅಲೆನ್ ಪ್ರೊಡಕ್ಷನ್, ಅಟ್ಲಾಂಟಾದಲ್ಲಿ ರೆಕಾರ್ಡಿಂಗ್, ಸಿಂಥ್ (ಎಲೆಕ್ಟ್ರಾನಿಕ್ ಸೌಂಡಿನ ಕೀಬೋರ್ಡ್), ಬೀಟು ನಾಲ್ಕಕ್ಕೆ ನಾಲ್ಕೂ ಕಿಕ್ (ಕಾಲಿನಿಂದ ಬಾರಿಸೋ ದೊಡ್ಡ ಡ್ರಮ್). ಟ್ರಂಪೆಟ್ಟಿನ ಮಿಕ್ ಕುಕ್ 2013ರಲ್ಲಿ ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನೋದು ನನ್ನ ಅನಿಸಿಕೆ. ಹಿತ್ತಾಳೆ ವಾದ್ಯದ ಅರೇಂಜ್‌ಮೆಂಟ್ ಮಾಡೋ ಮನುಷ್ಯ ಒಳಗೆ ಇಲ್ಲ ಅಂದಾಗ ಆ ಸಾಲುಗಳು ಸಿಂಥ್‌ಗೆ ಹೋಗ್ತವೆ.

ಹಳೇಕ್ಯಾಸೆಟ್
ಅನಿಸಿಕೆ ಒಪ್ಪಬಹುದು, ಆದ್ರೆ ಸಿಂಥ್ 2015ರಲ್ಲಿ ಹೊಸದಾಗಿ ಬಂದಿದ್ದಲ್ಲ. 1996ರ ಮೊದಲ ಆಲ್ಬಮ್‌ನಲ್ಲೇ 'ಎಲೆಕ್ಟ್ರಾನಿಕ್ ರಿನೈಸನ್ಸ್' ಅನ್ನೋ ಪೂರ್ತಿ ಸಿಂಥ್ ಹಾಡು ಇದೆ. ಚೆಲ್ಲೊ ಹಾಡುಗಳ ಮಧ್ಯೆ ಅದು ಬಂದಾಗ ಬೇರೆ ಬ್ಯಾಂಡಿನ ಎಲ್‌ಪಿ ಹಾಕಿಬಿಟ್ವಾ ಅನಿಸುತ್ತೆ. ಬೀಜ ಅಲ್ಲೇ ಇತ್ತು, 19 ವರ್ಷ ಬಿಟ್ಟು ಗಿಡ ಆಯ್ತು.

ಡಿಸ್ಕೊದೀಪ
ಹೌದಲ್ವಾ! ಆ ಹಾಡು ನೆನಪೇ ಆಗಲಿಲ್ಲ ಸಾರ್.

ಅಂಥ ಹಾಡನ್ನ ಅಕೂಸ್ಟಿಕ್ ಗಿಟಾರ್ ಇರೋ ತಂಡ ನುಡಿಸೋದಾದ್ರೆ ಒಂದು ಎಚ್ಚರಿಕೆ. ಗಿಟಾರಿನವರು ಅಭ್ಯಾಸಬಲದಿಂದ ಮೇಲೆ ಕೆಳಗೆ ಬಿಡದೆ ಬಾರಿಸ್ತಾ ಇರ್ತಾರೆ. ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ತಟ್ಟೆ) ಮಾಡೋದೂ ಅದೇ ಕೆಲಸ. ಎರಡೂ ಕೂದಲೆಳೆ ಹಿಂದೆ ಮುಂದೆ ಆದ್ರೆ ಬೀಟು ಕುಂಟುತ್ತೆ, ತಪ್ಪು ಡ್ರಮ್ಮರ್ ತಲೆಗೆ ಬರುತ್ತೆ. ಗಿಟಾರ್ 2 ಮತ್ತು 4ನೇ ಏಟಿಗೆ ಮಾತ್ರ, ಅಂಗೈಯಿಂದ ತಂತಿ ಅದುಮಿ, ಮೇಲಿನ ಮೂರು ತಂತಿ ಅಷ್ಟೇ. ಮಿಕ್ಸರ್‌ನಲ್ಲಿ ಗಿಟಾರ್ ಚಾನೆಲ್ಲಿಗೆ 120 ಹರ್ಟ್ಸ್ ಕೆಳಗಿನದ್ದು ಕತ್ತರಿಸಿ. ಒಂದೇ ಗಿಟಾರ್ ಕೇಳಿದಾಗ ಬಡಕಲು ಅನಿಸುತ್ತೆ, ಹೆದರಬೇಡಿ, ತಂಡದ ಜೊತೆ ಸರಿಯಾಗಿ ಕೂರುತ್ತೆ.

ಆರುತಂತಿ
ವೇದಿಕೆ ಮೇಲಿನ ಜಾಗದ ಬಗ್ಗೆ ಎರಡು ಮಾತು. ಟ್ರಂಪೆಟ್ಟಿನವರನ್ನ ಹಾಡುಗಾರರ ಬೆನ್ನ ಹಿಂದೆ ನೇರ ನಿಲ್ಲಿಸಬೇಡಿ, ಇಡೀ ಊದು ಹಾಡುಗಾರರ ಮೈಕಿಗೇ ಹೋಗುತ್ತೆ. ಪಕ್ಕಕ್ಕೆ, ಅಡ್ಡ ತಿರುಗಿಸಿ. ಚೆಲ್ಲೊಗೆ ಪಿಕಪ್ (ವಾದ್ಯಕ್ಕೇ ಅಂಟಿಸೋ ಮೈಕ್) ಹಾಕಿದ್ರೆ ಬೇಸ್ ಆಂಪ್‌ನಿಂದ ದೂರ ಕೂರಿಸಿ. ಅದರ ಟೊಳ್ಳು ಮೈ ಬೇಸಿನ ಒಂದು ಸ್ವರ ಹಿಡಿದು ಊಳಿಡೋಕೆ ಶುರು ಮಾಡುತ್ತೆ. ಹಾಗಾದಾಗ ಚೆಲ್ಲೊ ಚಾನೆಲ್ ಪೂರ್ತಿ ಇಳಿಸೋದು ತಪ್ಪು. ಊಳಿಡೋ ಸ್ವರ ಯಾವುದು ಅಂತ ಹುಡುಕಿ ಅದೊಂದನ್ನೇ ಈಕ್ಯೂನಲ್ಲಿ (ಸ್ಥಾಯಿವಾರು ಸದ್ದು ಹೊಂದಿಸೋ ಗುಂಡಿ) ಕಡಿಮೆ ಮಾಡಿ.

ತಂತಿಬೇಲಿ
ಎಲ್ಲರಿಗೂ ದೊಡ್ಡ ನಮಸ್ಕಾರ. ಮೊದಲ ಪ್ರಶ್ನೆಯಲ್ಲಿ ನಾನು ಕೆಂಪಮಣ್ಣು ಅವರ ಕಡೆ ವಾಲ್ತಿದೀನಿ, 1998ರಲ್ಲೇ ಶುರುವಾಗಿತ್ತು ಅನ್ನೋದು ಒಪ್ಪುವಂಥದ್ದು. ಕೊನೇ ಪ್ರಶ್ನೆ: ಚೆಲ್ಲೊ ನುಡಿಸೋರು ಸಿಗದಿದ್ರೆ ಕೀಬೋರ್ಡ್‌ನಲ್ಲಿ ಚೆಲ್ಲೊ ಸೌಂಡ್ ಹಾಕಿದ್ರೆ ನಡೆಯುತ್ತಾ?

ಮಂದ್ರಸ್ಥಾಯಿ
ನಡೆಯುತ್ತೆ, ಮೂರು ಷರತ್ತು. ಕಾರ್ಡು ಹಿಡೀಬೇಡಿ, ಒಂದು ಸಲಕ್ಕೆ ಒಂದೇ ಸ್ವರ. ವಾಲ್ಯೂಮ್ ಪೆಡಲ್ ಇಲ್ಲದೆ ಮುಟ್ಟಬೇಡಿ, ಬಿಲ್ಲಿನ ಸದ್ದು ಏರಿ ಇಳಿಯೋದನ್ನ ಕಾಲಿನಿಂದ ಮಾಡಬೇಕು. ಆ ಸೌಂಡ್ ಕೀಲಿ ಒತ್ತಿದ ಸ್ವಲ್ಪ ಹೊತ್ತಿಗೆ ಅರಳುತ್ತೆ, ಹಾಗಾಗಿ ಬೀಟಿಗಿಂತ ಒಂದು ಕೂದಲು ಮುಂಚೆ ಒತ್ತಬೇಕು. ಇಲ್ಲದಿದ್ರೆ ಇಡೀ ಹಾಡು ಹಿಂದಕ್ಕೆ ಎಳೆದಂತೆ ಇರುತ್ತೆ.

ಹಾರ್ಮೋನಿಯಂಪೆಟ್ಟಿಗೆ
ಕೀಬೋರ್ಡಿಗಿಂತ ಹಾರ್ಮೋನಿಯಂ ಪ್ರಯತ್ನಿಸಿ. ತಿದಿ ಕೈಯಲ್ಲೇ ಇರುತ್ತೆ, ಉಸಿರು ಎಳೆದಂತೆ ಸ್ವರ ದಪ್ಪ ಸಣ್ಣ ಮಾಡಬಹುದು, ಪೆಡಲ್ ಬೇಡ. ಖರ್ಜದ (ಕೆಳಸ್ಥಾಯಿಯ) ರೀಡ್ ಒಂದೇ ತೆರೆದಿಡಿ, ಮೇಲಿನ ಸ್ಟಾಪ್ ಮುಚ್ಚಿ. ಒಂದೇ ಎಚ್ಚರಿಕೆ: ಹಳೇ ಪೆಟ್ಟಿಗೆಗಳ ಶ್ರುತಿ 440 ಹರ್ಟ್ಸಿಗೆ (ಎ ಸ್ವರದ ಸಾಮಾನ್ಯ ಅಳತೆ) ಸರಿಯಾಗಿ ಇರೋದಿಲ್ಲ, ಟ್ಯೂನರ್ ಇಟ್ಟು ಬಿಳಿ 6 ಒತ್ತಿ ನೋಡಿ. 442 ತೋರಿಸಿದ್ರೆ ರೀಡ್ ಕೆರೆಯೋಕೆ ಹೋಗಬೇಡಿ. ಗಿಟಾರು, ಬೇಸು, ವಯೊಲಿನ್ ಎಲ್ಲರೂ ಟ್ಯೂನರ್‌ನ 442ಕ್ಕೆ ಇಟ್ಕೊಂಡು ಪೆಟ್ಟಿಗೆಗೆ ಹೊಂದಿಸಿಕೊಳ್ಳಲಿ. ಟ್ರಂಪೆಟ್ಟಿನವರು ಟ್ಯೂನಿಂಗ್ ಸ್ಲೈಡ್ ಒಂದಿಷ್ಟು ಒಳಗೆ ತಳ್ಳಿದ್ರೆ ಸಾಕು.